ಕುರಿ ಕಂಡರೆ ಓಡುವ ಕೆಂಚ: ಅಂಜುವ ನಾಯಿಗೆ ಪಾಠ ಹೇಳುವುದು ಹೇಗೆ?



ಸಂಜೆ ಕುರಿಹಿಂಡು ಊರೊಳಗೆ ಬರುವಾಗ ಬೀದಿಯ ನಾಯಿಗಳು ಏನು ಮಾಡುತ್ತವೆ ಎಂದು ಗಮನಿಸಿದ್ದೀರಾ? ಕೆಲವು ತಲೆ ಎತ್ತಿ ನೋಡಿ ಮತ್ತೆ ಮಲಗಿಬಿಡುತ್ತವೆ. ಕೆಲವು ದಾರಿ ಬಿಟ್ಟು ಜಗಲಿ ಹತ್ತುತ್ತವೆ. ಒಂದೆರಡು ನಾಯಿಗಳು ಮಾತ್ರ ಕಿವಿ ನಿಮಿರಿಸಿ, ಹಿಂಡಿನ ಮೇಲೆಯೇ ಕಣ್ಣು ನೆಟ್ಟು, ಇದ್ದಕ್ಕಿದ್ದಂತೆ ನುಗ್ಗುತ್ತವೆ. ಕುರಿಗಳು ದಿಕ್ಕಾಪಾಲಾಗಿ ಓಡುತ್ತವೆ. ಕುರಿಗಾಹಿಗಳು ಕೋಲು ಬೀಸುತ್ತಾ ಕೂಗುತ್ತಾರೆ.

ನೋಡುವವರಿಗೆ ಇದು ಒಂದು ಗಲಾಟೆ, ಅಷ್ಟೆ. ಆದರೆ ಕುರಿ ಸಾಕಿದವರಿಗೆ ಇದು ದೊಡ್ಡ ನಷ್ಟ. ಗಬ್ಬದ ಕುರಿ ಬೆದರಿ ಓಡಿದರೆ ಅದರ ಗರ್ಭ ಬಿದ್ದು ಹೋಗಬಹುದು. ಮರಿ ತಾಯಿಯಿಂದ ತಪ್ಪಿಸಿಕೊಳ್ಳಬಹುದು. ಹಲ್ಲು ತಾಗಿದ ಗಾಯ ಉಣ್ಣೆಯ ಕೆಳಗೆ ಯಾರಿಗೂ ಕಾಣದೆ ಕೊಳೆಯಬಹುದು. ನಾಯಿಯ ಗತಿಯೂ ಒಳ್ಳೆಯದಾಗುವುದಿಲ್ಲ. 'ಇದು ಕುರಿ ಹಿಡಿಯುವ ನಾಯಿ' ಎಂಬ ಹೆಸರು ಬಂದ ಮೇಲೆ ಅದಕ್ಕೆ ಹೊಡೆತ ತಪ್ಪುವುದಿಲ್ಲ. ಕೆಲವೊಮ್ಮೆ ವಿಷವನ್ನೂ ಇಡುತ್ತಾರೆ. ಆದ್ದರಿಂದ ನಾಯಿಯ ಈ ಚಟ ಬಿಡಿಸಿದರೆ ಕುರಿಯೂ ಉಳಿಯುತ್ತದೆ, ನಾಯಿಯೂ ಉಳಿಯುತ್ತದೆ.

ಈ ಲೇಖನಕ್ಕಾಗಿ ಒಂದು ನಾಯಿಯನ್ನು ಊಹಿಸಿಕೊಳ್ಳೋಣ. ಅದಕ್ಕೆ ಕೆಂಚ ಎಂದು ಹೆಸರಿಡೋಣ. ವಯಸ್ಸು ಸುಮಾರು ಮೂರು ವರ್ಷ. ಸಂತೆ ಬೀದಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅದನ್ನು ಒಂದು ರೈತ ಕುಟುಂಬ ಮನೆಗೆ ತಂದಿದೆ. ತಟ್ಟೆ ಬಿದ್ದ ಸದ್ದಾದರೆ ಕೆಂಚ ಮಂಚದ ಕೆಳಗೆ ಸೇರುತ್ತದೆ. ಯಾರಾದರೂ ಕೈ ಎತ್ತಿದರೆ ಬಾಲವನ್ನು ಕಾಲುಗಳ ನಡುವೆ ಮಡಚಿಕೊಳ್ಳುತ್ತದೆ. ಅದೇ ಕೆಂಚ ಕುರಿ ಕಂಡೊಡನೆ ಹಗ್ಗ ಕಿತ್ತುಕೊಂಡು ಓಡುತ್ತದೆ!

ತಟ್ಟೆಯ ಸದ್ದಿಗೆ ನಡುಗುವ ನಾಯಿಗೆ ಕುರಿ ಅಟ್ಟುವ ಧೈರ್ಯ ಎಲ್ಲಿಂದ ಬಂತು? ಅದಕ್ಕೆ ಪಾಠ ಹೇಳಲು ಸಾಧ್ಯವೇ? ನೋಡೋಣ ಬನ್ನಿ.

ತೋಳದಿಂದ ಬಂದ ಬಳುವಳಿ

ಮನೆಯ ನಾಯಿಯ ಪೂರ್ವಜ ಬೂದು ತೋಳ. ಕನಿಷ್ಠ 15,000 ವರ್ಷಗಳ ಹಿಂದೆಯೇ ನಾಯಿ ಮನುಷ್ಯನ ಜೊತೆ ಸೇರಿತ್ತು. ಕುರಿ, ಮೇಕೆ, ಹಸುಗಳನ್ನು ಮನುಷ್ಯ ಸಾಕತೊಡಗಿದ್ದು ಅದಕ್ಕಿಂತ ಈಚೆಗೆ.

ತೋಳ ಬೇಟೆಯಾಡುವುದನ್ನು ಹಂತ ಹಂತವಾಗಿ ಬರೆದರೆ ಹೀಗಿರುತ್ತದೆ: ನೋಡು, ಹೊಂಚು ಹಾಕು, ಅಟ್ಟು, ಹಿಡಿ, ಕೊಲ್ಲು, ತಿನ್ನು. ಇದು ಒಂದು ಸರಪಳಿ ಇದ್ದಂತೆ. ಒಂದು ಕೊಂಡಿ ಅಲುಗಿದರೆ ಮುಂದಿನದೂ ಅಲುಗುತ್ತದೆ. ಇದನ್ನು ತೋಳಕ್ಕೆ ಯಾರೂ ಕಲಿಸಬೇಕಿಲ್ಲ. ಹುಟ್ಟಿನಿಂದಲೇ ಬರುವ ಇಂಥ ನಡವಳಿಕೆಗೆ ಸಹಜ ಪ್ರವೃತ್ತಿ ಎಂದು ಹೆಸರು.

ನಾಯಿಯಲ್ಲಿ ಈ ಸರಪಳಿ ಹಾಗೆಯೇ ಉಳಿದಿಲ್ಲ. ಮನುಷ್ಯರು ತಮಗೆ ಬೇಕಾದ ಗುಣವಿರುವ ನಾಯಿಗಳನ್ನು ಆರಿಸಿ, ಅವುಗಳಿಂದ ಮರಿ ಪಡೆಯುತ್ತಾ ಬಂದರು. ಹಾಗಾಗಿ ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ಕೊಂಡಿಗಳು ಗಟ್ಟಿಯಾದವು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಭಾಗದ ಬಾರ್ಡರ್ ಕಾಲಿ ನಾಯಿಯಲ್ಲಿ ನೋಡುವುದು, ಹೊಂಚುವುದು, ಅಟ್ಟುವುದು ಈ ಮೂರೂ ಬಲವಾಗಿವೆ. ಆದರೆ ಹಿಡಿದು ಕೊಲ್ಲುವ ಕೊಂಡಿ ದುರ್ಬಲವಾಗಿದೆ. ಆದ್ದರಿಂದಲೇ ಅದು ಕುರಿಗಳನ್ನು ಗಾಯ ಮಾಡದೆ ಒಂದೆಡೆ ಕೂಡಿಸುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ, ಉದ್ದ ಕಾಲುಗಳಿಂದ ಓಡಿ ಬೆನ್ನಟ್ಟುವುದರಲ್ಲಿ ಹೆಸರುವಾಸಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಬೀದಿ ನಾಯಿಗಳನ್ನು ಯಾರೂ ಹೀಗೆ ಆರಿಸಿ ಬೆಳೆಸಿಲ್ಲ. ಅವುಗಳಲ್ಲಿ ಒಂದೊಂದರ ಸ್ವಭಾವ ಒಂದೊಂದು ರೀತಿ. ಕೆಂಚನಲ್ಲಿ 'ಅಟ್ಟು' ಎಂಬ ಕೊಂಡಿ ಗಟ್ಟಿಯಾಗಿದೆ ಎಂದುಕೊಳ್ಳಿ.

ಇನ್ನು ನಾಯಿಯ ಕಣ್ಣಿನ ವಿಷಯ. ನಾಯಿಗೆ ನಮ್ಮಷ್ಟು ಬಣ್ಣಗಳು ಕಾಣುವುದಿಲ್ಲ. ನೀಲಿ ಮತ್ತು ಹಳದಿಯನ್ನು ಅದು ಗುರುತಿಸುತ್ತದೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಆದರೆ ಅಲುಗಾಡುವ ವಸ್ತುವನ್ನು ಗುರುತಿಸುವುದರಲ್ಲಿ ಅದರ ಕಣ್ಣು ಬಹಳ ಚುರುಕು. ಆದ್ದರಿಂದ ನಿಂತು ಮೇಯುವ ಕುರಿಗಿಂತ ಓಡುವ ಕುರಿ ಅದನ್ನು ಹೆಚ್ಚು ಸೆಳೆಯುತ್ತದೆ. ನಾಯಿ ನುಗ್ಗಿದರೆ ಕುರಿ ಓಡುತ್ತದೆ. ಕುರಿ ಓಡಿದರೆ ನಾಯಿಗೆ ಇನ್ನಷ್ಟು ಹುರುಪು ಬರುತ್ತದೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ನೆನಪಿಡಿ. ಕೆಂಚನಿಗೆ ಕುರಿಯ ಮಾಂಸ ಸಿಗಬೇಕೆಂದೇನೂ ಇಲ್ಲ. ಅಟ್ಟುವುದೇ ಅದಕ್ಕೆ ಖುಷಿ. ಚೆಂಡು ಸಿಕ್ಕಿದರೆ ನಿಮಗೆ ಆಡುವುದೇ ಖುಷಿಯಲ್ಲವೇ? ಬಹುಮಾನ ಕೊಡಲಿ ಬಿಡಲಿ, ನೀವು ಆಡುತ್ತೀರಿ. ಹಾಗೆಯೇ ಇದು. ಹೊಟ್ಟೆ ತುಂಬ ಅನ್ನ ಹಾಕಿದರೂ ನಾಯಿ ಕುರಿ ಅಟ್ಟುವುದನ್ನು ಬಿಡದಿರುವುದು ಇದರಿಂದಲೇ.

ಅಂಜಿಕೆ ಎಲ್ಲಿಂದ ಬಂತು?

ನಾಯಿಮರಿ ಹುಟ್ಟಿದ ಸುಮಾರು 3ನೇ ವಾರದಿಂದ 12ನೇ ವಾರದವರೆಗಿನ ಕಾಲ ಬಹಳ ಮುಖ್ಯವಾದದ್ದು. ಆಗ ಮರಿ ಯಾರನ್ನು, ಏನನ್ನು ಹತ್ತಿರದಿಂದ ಕಂಡು ರೂಢಿಸಿಕೊಳ್ಳುತ್ತದೆಯೋ ಅದನ್ನು 'ನನ್ನದು' ಎಂದು ತಿಳಿಯುತ್ತದೆ. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಹಲವು ವರ್ಷ ನಾಯಿಮರಿಗಳನ್ನು ಅಭ್ಯಾಸ ಮಾಡಿ, 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ.

ನಮ್ಮ ಕುರಿಗಾಹಿಗಳ ಜೊತೆ ನಡೆಯುವ ನಾಯಿಗಳನ್ನು ನೆನಪಿಸಿಕೊಳ್ಳಿ. ಅವು ಕುರಿಗಳ ನಡುವೆಯೇ ಮಲಗುತ್ತವೆ. ತೋಳ ಬಂದರೆ ಎದುರು ನಿಲ್ಲುತ್ತವೆ. ಆದರೆ ತಮ್ಮ ಹಿಂಡಿನ ಮರಿಯನ್ನು ಮುಟ್ಟುವುದಿಲ್ಲ. ಕಣ್ಣು ಬಿಟ್ಟಾಗಿನಿಂದ ಕುರಿಗಳ ಜೊತೆಯೇ ಬೆಳೆದ ನಾಯಿಗೆ ಕುರಿ ಬೇಟೆಯಾಗಿ ಕಾಣುವುದಿಲ್ಲ, ಮನೆಯವರಂತೆ ಕಾಣುತ್ತದೆ.

ಕೆಂಚನಿಗೆ ಈ ಅವಕಾಶ ಸಿಗಲಿಲ್ಲ. ಅದು ಮರಿಯಾಗಿದ್ದಾಗ ಕಂಡದ್ದು ಸಂತೆಯ ಗದ್ದಲ, ತಿಂದದ್ದು ಕಲ್ಲೇಟು. ಆ ವಾರಗಳು ಮತ್ತೆ ಬರುವುದಿಲ್ಲ. ಹಾಗೆಂದು ದೊಡ್ಡ ನಾಯಿ ಏನನ್ನೂ ಕಲಿಯದು ಎಂದು ತಿಳಿಯಬೇಡಿ. ಕಲಿಯುತ್ತದೆ, ಆದರೆ ನಿಧಾನವಾಗಿ.

ನಾಯಿ ಬೆದರಿದಾಗ ಅದರ ದೇಹದೊಳಗೆ ಏನಾಗುತ್ತದೆ? ಮೂತ್ರಪಿಂಡಗಳ ಬಳಿ ಇರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ. ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಜೀರ್ಣಕ್ರಿಯೆ ನಿಧಾನವಾಗುತ್ತದೆ. ದೇಹ 'ಓಡು, ಇಲ್ಲವೇ ಕಾದಾಡು' ಎಂದು ಸಿದ್ಧವಾಗುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ನಿಮಗೆ ತಿಂಡಿ ಸೇರುವುದಿಲ್ಲ ಅಲ್ಲವೇ? ಕಾರಣ ಇದೇ. ಬೆದರಿದ ನಾಯಿಯೂ ತಿನ್ನುವುದಿಲ್ಲ, ಕಲಿಯುವುದೂ ಇಲ್ಲ.

ನಾಯಿ ಅಂಜಿದೆ ಎಂದು ತಿಳಿಯಲು ಈ ಗುರುತುಗಳನ್ನು ನೋಡಿ:

• ಬಾಲ ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತದೆ.
• ಕಿವಿಗಳು ಹಿಂದಕ್ಕೆ ಒತ್ತಿಕೊಂಡಿರುತ್ತವೆ.
• ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ.
• ಮುಖ ಅತ್ತ ತಿರುಗಿಸಿದರೂ ಕಣ್ಣು ಇತ್ತ ಇರುತ್ತದೆ, ಕಣ್ಣಿನ ಬಿಳಿಭಾಗ ಕಾಣುತ್ತದೆ.
• ಮೈ ನಡುಗುತ್ತದೆ ಅಥವಾ ಕಲ್ಲಿನಂತೆ ಬಿಗಿಯಾಗುತ್ತದೆ.

ಎರಡು ಬಗೆಯ ಓಟ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಅಂಜುವ ನಾಯಿ ಕುರಿಯನ್ನು ಏಕೆ ಅಟ್ಟುತ್ತದೆ? ಇದಕ್ಕೆ ಎರಡು ಕಾರಣಗಳಿರಬಹುದು.

ಒಂದು, ಬೇಟೆಯ ಓಟ. ಇದರಲ್ಲಿ ನಾಯಿ ಮೊದಲು ಸದ್ದು ಮಾಡದೆ ನಿಲ್ಲುತ್ತದೆ. ತಲೆ ತಗ್ಗಿಸಿ, ಮೈ ಬಗ್ಗಿಸಿ, ಕಣ್ಣು ಮಿಟುಕಿಸದೆ ನೋಡುತ್ತದೆ. ಆಮೇಲೆ ಬಾಣದಂತೆ ಓಡುತ್ತದೆ.

ಇನ್ನೊಂದು, ಅಂಜಿಕೆಯ ಓಟ. ಇದರಲ್ಲಿ ನಾಯಿ ಬೊಗಳುತ್ತಾ ಮುಂದೆ ಹೋಗುತ್ತದೆ, ಮತ್ತೆ ಹಿಂದೆ ಬರುತ್ತದೆ. ಕುರಿ ದೂರ ಹೋದೊಡನೆ ನಿಲ್ಲುತ್ತದೆ. 'ಈ ಪ್ರಾಣಿ ಇಲ್ಲಿಂದ ಹೋದರೆ ಸಾಕು' ಎಂಬುದೇ ಅದರ ಉದ್ದೇಶ. ನಾಯಿ ಬೊಗಳಿತು, ಕುರಿ ಹೋಯಿತು, ನಾಯಿಗೆ ನೆಮ್ಮದಿಯಾಯಿತು. ಆ ನೆಮ್ಮದಿಯೇ ಅದಕ್ಕೆ ಬಹುಮಾನ. ಮುಂದಿನ ಸಲ ಅದು ಇನ್ನೂ ಬೇಗ ಬೊಗಳುತ್ತದೆ.

ಒಂದೇ ನಾಯಿಯಲ್ಲಿ ಈ ಎರಡೂ ಬೆರೆತಿರಬಹುದು. ಆದರೆ ಎರಡರಲ್ಲೂ ಒಂದು ಸಂಗತಿ ಸಮಾನ. ಪ್ರತಿ ಸಲ ಓಡಿದಾಗಲೂ ನಾಯಿಗೆ ಏನೋ ಒಂದು ಲಾಭ ಸಿಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದರು. ಒಳಗಿನ ಅಗುಳಿ ಸರಿಸಿದರೆ ಬಾಗಿಲು ತೆರೆಯುತ್ತಿತ್ತು, ಹೊರಗೆ ಆಹಾರ ಇರುತ್ತಿತ್ತು. ಮೊದಲು ಬೆಕ್ಕು ಪರಚಿತು, ಕಚ್ಚಿತು, ಒದ್ದಾಡಿತು. ಆಕಸ್ಮಿಕವಾಗಿ ಅಗುಳಿ ಸರಿಯಿತು. ದಿನಗಳು ಕಳೆದಂತೆ ಬೆಕ್ಕು ಹೊರಬರಲು ಬೇಕಾದ ಸಮಯ ಕಡಿಮೆಯಾಗುತ್ತಾ ಬಂತು. ಒಳ್ಳೆಯ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂದು ಅವರು ಹೇಳಿದರು. ಇದೇ 'ಪರಿಣಾಮ ನಿಯಮ'.

ಈ ನಿಯಮದ ಪ್ರಕಾರ ಕೆಂಚ ಓಡಿದಷ್ಟೂ ಅದರ ಚಟ ಗಟ್ಟಿಯಾಗುತ್ತದೆ. ಇನ್ನೂ ಒಂದು ತೊಡಕಿದೆ. ಪ್ರತಿ ಸಲವೂ ಫಲ ಸಿಗುವ ಅಭ್ಯಾಸಕ್ಕಿಂತ, ಆಗೊಮ್ಮೆ ಈಗೊಮ್ಮೆ ಫಲ ಸಿಗುವ ಅಭ್ಯಾಸವನ್ನು ಬಿಡಿಸುವುದು ಕಷ್ಟ ಎಂದು ಇನ್ನೊಬ್ಬ ಅಮೆರಿಕನ್ ವಿಜ್ಞಾನಿ ಬಿ. ಎಫ್. ಸ್ಕಿನ್ನರ್ ತೋರಿಸಿದರು. ಹತ್ತು ದಿನ ಕಟ್ಟಿಹಾಕಿ, ಹನ್ನೊಂದನೆಯ ದಿನ 'ಇವತ್ತೊಂದು ದಿನ ಇರಲಿ' ಎಂದು ಬಿಟ್ಟರೆ ಹಿಂದಿನ ಶ್ರಮದ ಬಹುಪಾಲು ನೀರಿನಲ್ಲಿ ಹೋಮ ಮಾಡಿದಂತೆ.

ಹೊಡೆದರೆ ಕಲಿಯುವುದಿಲ್ಲವೇ?

'ನಾಲ್ಕು ಬಾರಿಸಿದರೆ ತಾನೇ ಬಿಡುತ್ತದೆ' ಎನ್ನುವವರು ಬಹಳ ಜನ. ಇದು ಏಕೆ ಸರಿಯಲ್ಲ ಎಂಬುದನ್ನು ತಿಳಿಯಲು ರಷ್ಯಾ ದೇಶಕ್ಕೆ ಹೋಗೋಣ.

ಇವಾನ್ ಪಾವ್ಲೋವ್ ರಷ್ಯಾದ ವಿಜ್ಞಾನಿ. ಜೀರ್ಣಕ್ರಿಯೆಯ ಬಗ್ಗೆ ಮಾಡಿದ ಸಂಶೋಧನೆಗೆ 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಾಯಿಯ ಬಾಯಲ್ಲಿ ಆಹಾರ ಇಟ್ಟಾಗ ಎಷ್ಟು ಜೊಲ್ಲು ಬರುತ್ತದೆ ಎಂದು ಅವರು ಅಳೆಯುತ್ತಿದ್ದರು. ಆದರೆ ಆಹಾರ ತರುವವರನ್ನು ಕಂಡೊಡನೆಯೇ ನಾಯಿಗಳು ಜೊಲ್ಲು ಸುರಿಸತೊಡಗಿದವು! ಪಾವ್ಲೋವ್ ಇದನ್ನು ಪರೀಕ್ಷಿಸಿದರು. ಮೊದಲು ಒಂದು ಸದ್ದು, ಅದರ ಹಿಂದೆಯೇ ಆಹಾರ. ಹೀಗೆ ಹಲವು ಸಲ ಮಾಡಿದ ಮೇಲೆ ಬರೀ ಸದ್ದಿಗೇ ಜೊಲ್ಲು ಬಂತು. ಎರಡು ಸಂಗತಿಗಳು ಒಂದರ ಹಿಂದೆ ಒಂದು ಬಂದರೆ ಮೆದುಳು ಅವನ್ನು ಗಂಟು ಹಾಕುತ್ತದೆ. ಇದಕ್ಕೆ ಅನುಬಂಧನ ಎನ್ನುತ್ತಾರೆ.

ಈಗ ಕೆಂಚನ ಮೆದುಳಿನ ಕಡೆಯಿಂದ ಯೋಚಿಸಿ. ಕುರಿ ಕಂಡಿತು, ಬೆನ್ನಿಗೆ ಏಟು ಬಿತ್ತು. ಮೆದುಳು ಯಾವುದನ್ನು ಯಾವುದಕ್ಕೆ ಗಂಟು ಹಾಕುತ್ತದೆ? 'ಕುರಿ ಬಂದರೆ ನೋವು' ಎಂದು. ಮೊದಲೇ ಅಂಜುವ ನಾಯಿ ಇನ್ನಷ್ಟು ಅಂಜುತ್ತದೆ. ಅಂಜಿಕೆಯ ಓಟ ಇನ್ನಷ್ಟು ಹೆಚ್ಚುತ್ತದೆ.

ಇನ್ನೊಂದು ಸಂದರ್ಭ. ಕೆಂಚ ಕುರಿಯನ್ನು ಅಟ್ಟಿ, ಅರ್ಧ ಗಂಟೆಯ ಮೇಲೆ ಮನೆಗೆ ಬಂತು. ಆಗ ಅದಕ್ಕೆ ಏಟು ಬಿತ್ತು. ಅರ್ಧ ಗಂಟೆಯ ಹಿಂದಿನ ಓಟಕ್ಕೂ ಈ ಏಟಿಗೂ ಇರುವ ಸಂಬಂಧ ನಾಯಿಗೆ ತಿಳಿಯುವುದಿಲ್ಲ. 'ಮನೆಗೆ ಬಂದರೆ ಏಟು' ಎಂದು ಅದು ಕಲಿಯುತ್ತದೆ. ನಾಳೆ ನೀವು ಕರೆದರೂ ಬರುವುದಿಲ್ಲ.

ಹಾಗಾದರೆ ಸದಾ ಸರಪಳಿಯಲ್ಲಿ ಕಟ್ಟಿಹಾಕಬಹುದೇ? ಅದರಿಂದ ಕುರಿ ಉಳಿಯಬಹುದು, ಆದರೆ ನಾಯಿ ಏನನ್ನೂ ಕಲಿಯುವುದಿಲ್ಲ. ಅಲ್ಲದೆ ಬಹಳ ಹೊತ್ತು ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಪಾಠಕ್ಕೆ ಮುನ್ನ

ಹೊಸ ನಾಯಿ ಮನೆಗೆ ಬಂದಾಗ ಮೊದಲ ಕೆಲಸ ಪಶು ಆಸ್ಪತ್ರೆಗೆ ಕರೆದೊಯ್ಯುವುದು. ಅದಕ್ಕೆ ರೇಬಿಸ್ ಲಸಿಕೆ ಮತ್ತು ಜಂತುಹುಳುವಿನ ಔಷಧಿ ಕೊಡಿಸಬೇಕು. ನಾಯಿಯ ಕರುಳಿನಲ್ಲಿರುವ ಒಂದು ಬಗೆಯ ಲಾಡಿಹುಳುವಿನ ಮೊಟ್ಟೆಗಳು ಮಲದ ಮೂಲಕ ಮೇವನ್ನು ಸೇರಿದರೆ, ಕುರಿಯ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳು ಬೆಳೆಯುತ್ತವೆ. ಈ ಕಾಯಿಲೆ ಮನುಷ್ಯರಿಗೂ ಬರಬಹುದು. ಅಂಥ ಕುರಿಯ ಹಸಿ ಕರುಳು, ಈಲಿಯನ್ನು ನಾಯಿ ತಿಂದರೆ ಹುಳು ಮತ್ತೆ ನಾಯಿಗೆ ಬರುತ್ತದೆ. ಆದ್ದರಿಂದ ನಾಯಿಗೆ ಹಸಿ ಮಾಂಸದ ತುಣುಕುಗಳನ್ನು ಹಾಕಬಾರದು. ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

ಎರಡನೆಯ ಕೆಲಸ ನಾಯಿಗೆ ಬಿಡುವು ಕೊಡುವುದು. ಮೊದಲ ಎರಡು ಮೂರು ವಾರ ಕೆಂಚನಿಗೆ ಕುರಿಯೂ ಬೇಡ, ಸಂತೆಯೂ ಬೇಡ. ಮನೆಯ ಒಂದು ಮೂಲೆಯಲ್ಲಿ ಹಳೆಯ ಗೋಣಿಚೀಲ ಹಾಸಿ, ನೀರು ಇಟ್ಟು, ಅದೇ ಹೊತ್ತಿಗೆ ಊಟ ಕೊಡಬೇಕು. ಆ ಮೂಲೆಯಲ್ಲಿ ಮಲಗಿದಾಗ ಯಾರೂ ಅದನ್ನು ಎಬ್ಬಿಸಬಾರದು, ಎಳೆಯಬಾರದು. ನಾವಾಗಿಯೇ ನಾಯಿಯ ಹತ್ತಿರ ಹೋಗುವ ಬದಲು ಅದೇ ನಮ್ಮ ಹತ್ತಿರ ಬರುವವರೆಗೆ ಕಾಯಬೇಕು.

ಪಾಠದ ಐದು ಮೆಟ್ಟಿಲುಗಳು

ಈ ಪಾಠವನ್ನು ಮನೆಯ ದೊಡ್ಡವರೇ ಮಾಡಬೇಕು. ಹಗ್ಗ ಅವರ ಕೈಯಲ್ಲೇ ಇರಬೇಕು. ನಿಮ್ಮ ಕೆಲಸ ಗಮನಿಸುವುದು ಮತ್ತು ಲೆಕ್ಕ ಬರೆಯುವುದು. ಅದೂ ದೊಡ್ಡ ಕೆಲಸವೇ.

ಮೊದಲ ಮೆಟ್ಟಿಲು: ಮನೆಯಂಗಳದಲ್ಲಿ ಶುರು ಮಾಡಿ. 'ಕೆಂಚಾ' ಎಂದು ಮೆಲ್ಲಗೆ ಕರೆಯಬೇಕು. ಅದು ತಿರುಗಿ ನೋಡಿದೊಡನೆ 'ಸೈ' ಎಂದು ಹೇಳಿ, ಒಂದು ಚೂರು ತಿಂಡಿ ಕೊಡಬೇಕು. ಬೇಯಿಸಿದ ಮೊಟ್ಟೆ, ಚಪಾತಿ ಅಥವಾ ರೊಟ್ಟಿ, ಮೂಳೆ ತೆಗೆದ ಬೇಯಿಸಿದ ಕೋಳಿ ಇವುಗಳ ಕಡಲೆಕಾಳಿನಷ್ಟು ಚೂರು ಸಾಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಅವನ್ನು ಕೊಡಬಾರದು. ಕೆಲವು ದಿನಗಳಲ್ಲಿ 'ಸೈ' ಎಂಬ ಮಾತಿಗೂ ತಿಂಡಿಗೂ ಗಂಟು ಬೀಳುತ್ತದೆ. ಪಾವ್ಲೋವ್ ನೆನಪಾದರಲ್ಲವೇ?

ಎರಡನೆಯ ಮೆಟ್ಟಿಲು: ಹಗ್ಗದ ಅಭ್ಯಾಸ. ಕೊರಳಿಗೆ ಬಿಗಿಯುವ ಕುಣಿಕೆ ಬೇಡ. ಎದೆಯನ್ನು ಬಳಸಿ ಬರುವ ಎದೆಪಟ್ಟಿ ಒಳ್ಳೆಯದು. ನಾಯಿ ಎಳೆದಾಗ ಬಲ ಕುತ್ತಿಗೆಯ ಮೇಲೆ ಬೀಳದೆ ಎದೆಯ ಮೇಲೆ ಹಂಚಿಹೋಗುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ನಾಯಿ ಜಗ್ಗಿದರೆ ಬೆರಳು ಮುರಿಯಬಹುದು.

ಮೂರನೆಯ ಮೆಟ್ಟಿಲು: ಸರಿಯಾದ ದೂರ ಕಂಡುಹಿಡಿಯುವುದು. ಇದು ಇಡೀ ಪಾಠದ ತಿರುಳು. ಮೊದಲು ಕುರಿಗಾಹಿಯನ್ನು ಕೇಳಿ ಒಪ್ಪಿಗೆ ಪಡೆಯಬೇಕು. 'ಅಜ್ಜ, ನಿಮ್ಮ ಕುರಿ ಯಾವ ಹೊತ್ತಿಗೆ ಎಲ್ಲಿ ಮೇಯುತ್ತವೆ? ನಾವು ನಾಯಿಯನ್ನು ದೂರದಲ್ಲೇ ನಿಲ್ಲಿಸಿಕೊಳ್ಳುತ್ತೇವೆ' ಎಂದು ಹೇಳಿದರೆ ಅವರಿಗೂ ಸಮಾಧಾನ. ಆಮೇಲೆ ಕೆಂಚನನ್ನು ಬಹಳ ದೂರದಲ್ಲಿ ನಿಲ್ಲಿಸಿಕೊಂಡು ತಿಂಡಿ ತೋರಿಸಬೇಕು. ಅದು ಕುರಿಗಳನ್ನು ನೋಡಿಯೂ ತಿಂಡಿ ತಿಂದರೆ ಆ ದೂರ ಸರಿಯಾಗಿದೆ ಎಂದು ಅರ್ಥ. ತಿನ್ನದೆ ಕುರಿಗಳನ್ನೇ ದಿಟ್ಟಿಸಿದರೆ, ನಡುಗಿದರೆ ಅಥವಾ ಜಗ್ಗಿದರೆ ಹತ್ತಿರವಾಯಿತು ಎಂದು ಅರ್ಥ. ಹಿಂದೆ ಸರಿಯಬೇಕು. ನಾಯಿ ತಿನ್ನುವ ದೂರವೇ ಅದು ಕಲಿಯುವ ದೂರ.

ನಾಲ್ಕನೆಯ ಮೆಟ್ಟಿಲು: ಕುರಿ ಕಂಡಿತು, 'ಸೈ', ತಿಂಡಿ. ಕುರಿ ಕಂಡಿತು, 'ಸೈ', ತಿಂಡಿ. ಈ ಕ್ರಮ ತಪ್ಪಬಾರದು. ಕುರಿ ಮೊದಲು, ತಿಂಡಿ ಆಮೇಲೆ. ದಿನಕ್ಕೆ ಐದು ಹತ್ತು ನಿಮಿಷ ಸಾಕು. ಕೆಲವು ದಿನಗಳ ನಂತರ ಒಂದು ಬದಲಾವಣೆ ಕಾಣುತ್ತದೆ. ಕೆಂಚ ಕುರಿಯನ್ನು ನೋಡಿ, ತಾನಾಗಿಯೇ ತಲೆ ತಿರುಗಿಸಿ, 'ಎಲ್ಲಿ ನನ್ನ ತಿಂಡಿ?' ಎಂಬಂತೆ ಯಜಮಾನರ ಮುಖ ನೋಡುತ್ತದೆ. ಅದು ತಲೆ ತಿರುಗಿಸಿದ ಆ ಕ್ಷಣವೇ 'ಸೈ' ಎನ್ನಬೇಕು. ಈಗ ಥಾರ್ನ್‌ಡೈಕ್ ಹೇಳಿದ ಪರಿಣಾಮ ನಿಯಮ ನಮ್ಮ ಕಡೆಗೆ ಕೆಲಸ ಮಾಡುತ್ತದೆ. ಕುರಿ ಅಟ್ಟಿದರೆ ಏನೂ ಸಿಗದು, ತಲೆ ತಿರುಗಿಸಿದರೆ ಸಿಗುತ್ತದೆ!

ಐದನೆಯ ಮೆಟ್ಟಿಲು: ದೂರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಮೊದಲು ನಿಂತು ಮೇಯುವ ಕುರಿ, ಆಮೇಲೆ ನಡೆಯುವ ಕುರಿ. ಕುಣಿಯುವ ಮರಿಗಳು ಕೊನೆಗೆ. ಕುರಿ ಓಡತೊಡಗಿದರೆ ನಾಯಿಯನ್ನು ಮತ್ತೆ ದೂರಕ್ಕೆ ಕರೆದೊಯ್ಯಬೇಕು. ಒಂದು ದಿನ ನಾಯಿ ತೀರ ಬೆದರಿದರೆ ಆ ದಿನಕ್ಕೆ ಪಾಠ ಮುಗಿಯಿತು. ಬೆದರಿದ ದೇಹ ತಹಬಂದಿಗೆ ಬರಲು ಸಮಯ ಬೇಕು.

ಇದರ ಜೊತೆಗೆ ಕೆಂಚನಿಗೆ ಬದಲಿ ಆಟವೂ ಬೇಕು. ಹಗ್ಗದ ತುದಿಗೆ ಬಟ್ಟೆಯ ಉಂಡೆ ಕಟ್ಟಿ ಆಡಿಸಬಹುದು. ಹುಲ್ಲಿನಲ್ಲಿ ರೊಟ್ಟಿಯ ಚೂರುಗಳನ್ನು ಚೆಲ್ಲಿ ಮೂಸಿ ಹುಡುಕಲು ಬಿಡಬಹುದು. ಓಡುವ, ಹುಡುಕುವ ಆಸೆ ಅಲ್ಲಿ ತೀರುತ್ತದೆ.

ಒಂದು ಲೆಕ್ಕ

'ಓಡತೊಡಗಿದ ಮೇಲೆ ಕೂಗಿ ಕರೆದರಾಯಿತು' ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಮಾಡಿ ನೋಡೋಣ. ನಾಯಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುತ್ತದೆ ಎಂದುಕೊಳ್ಳಿ. ಅಂದರೆ 3,600 ಸೆಕೆಂಡಿಗೆ 36,000 ಮೀಟರ್, ಒಂದು ಸೆಕೆಂಡಿಗೆ 10 ಮೀಟರ್. ಕುರಿ 50 ಮೀಟರ್ ದೂರದಲ್ಲಿದ್ದರೆ ನಾಯಿ 5 ಸೆಕೆಂಡಿನಲ್ಲಿ ಅಲ್ಲಿರುತ್ತದೆ. ನೀವು ಬೆಚ್ಚಿ, ಹೆಸರು ಹಿಡಿದು ಕೂಗುವಷ್ಟರಲ್ಲಿಯೇ ಎರಡು ಮೂರು ಸೆಕೆಂಡು ಕಳೆದಿರುತ್ತದೆ. ಆದ್ದರಿಂದ ನಾಯಿ ಓಡಿದ ಮೇಲೆ ಅಲ್ಲ, ದಿಟ್ಟಿಸಿ ನೋಡುವಾಗಲೇ ಕರೆಯಬೇಕು. ಬೇಟೆಯ ಸರಪಳಿಯ ಮೊದಲ ಕೊಂಡಿಯಲ್ಲೇ ತಡೆಯುವುದು ಸುಲಭ.

ನಕ್ಷೆ ಬರೆಯಿರಿ

ವಿಜ್ಞಾನಿಗಳು 'ಸುಧಾರಿಸಿದೆ ಅನ್ನಿಸುತ್ತದೆ' ಎಂದು ಬಿಡುವುದಿಲ್ಲ, ಅಳೆಯುತ್ತಾರೆ. ನೀವೂ ಅಳೆಯಿರಿ. ಕೆಂಚ ಎಷ್ಟು ದೂರದಲ್ಲಿ ನಿಂತು ತಿಂಡಿ ತಿಂದಿತು ಎಂಬುದನ್ನು ಹೆಜ್ಜೆ ಎಣಿಸಿ ಬರೆದಿಡಿ. ನಕ್ಷೆ ಬರೆದು ಅಭ್ಯಾಸ ಮಾಡಲು ಊಹೆಯ ಅಂಕಿಗಳು ಇಲ್ಲಿವೆ:

1ನೇ ವಾರ: 80 ಮೀಟರ್
2ನೇ ವಾರ: 70 ಮೀಟರ್
3ನೇ ವಾರ: 75 ಮೀಟರ್
4ನೇ ವಾರ: 60 ಮೀಟರ್
5ನೇ ವಾರ: 45 ಮೀಟರ್
6ನೇ ವಾರ: 40 ಮೀಟರ್

ಅಡ್ಡ ಗೆರೆಯಲ್ಲಿ ವಾರ, ಉದ್ದ ಗೆರೆಯಲ್ಲಿ ದೂರ ಗುರುತಿಸಿ. ಗೆರೆ ನೇರವಾಗಿ ಇಳಿಯಲಿಲ್ಲ, 3ನೇ ವಾರ ಸ್ವಲ್ಪ ಮೇಲೆ ಹೋಯಿತು ಅಲ್ಲವೇ? ಆ ವಾರ ಮರಿಗಳು ಓಡಾಡಿರಬಹುದು, ಪಟಾಕಿಯ ಸದ್ದಾಗಿರಬಹುದು. ಒಂದು ದಿನ ಹಿಂದೆ ಬಿದ್ದರೆ ಪಾಠ ವಿಫಲವಾಯಿತು ಎಂದಲ್ಲ. ಇಡೀ ಗೆರೆ ಯಾವ ಕಡೆ ಹೊರಟಿದೆ ಎಂಬುದನ್ನು ನೋಡಬೇಕು.

ಕೊನೆಗೆ ಕೆಂಚನನ್ನು ಬಿಡಬಹುದೇ?

ಕೆಲವು ನಾಯಿಗಳು ಕೆಲವು ತಿಂಗಳಲ್ಲಿ ಕುರಿಹಿಂಡಿನ ಪಕ್ಕದಲ್ಲೇ ಹಗ್ಗದೊಡನೆ ಶಾಂತವಾಗಿ ನಡೆಯುತ್ತವೆ. ಕೆಲವಕ್ಕೆ ಒಂದು ವರ್ಷವೂ ಬೇಕಾಗಬಹುದು. ಸಹಜ ಪ್ರವೃತ್ತಿಯನ್ನು ಪೂರ್ತಿ ಅಳಿಸಲು ಆಗುವುದಿಲ್ಲ. ಅದರ ಮೇಲೆ ಒಂದು ಹೊಸ ಅಭ್ಯಾಸವನ್ನು ಕಟ್ಟಬಹುದು, ಅಷ್ಟೆ. ಆದ್ದರಿಂದ ಒಮ್ಮೆ ಕುರಿ ಕಚ್ಚಿದ ನಾಯಿಯನ್ನು ಕುರಿಗಳಿರುವ ಕಡೆ ಹಗ್ಗವಿಲ್ಲದೆ ಬಿಡಬಾರದು. ಕುರಿ ಬರುವ ಹೊತ್ತಿಗೆ ನಾಯಿ ಅಂಗಳದ ಬೇಲಿಯೊಳಗಿರಬೇಕು. ರಾತ್ರಿ ಕುರಿದೊಡ್ಡಿಯ ಬಾಗಿಲು ಭದ್ರವಾಗಿರಬೇಕು.

ಹಗ್ಗ ಹಿಡಿದುಕೊಂಡೇ ಬಾಳಬೇಕಾದ ನಾಯಿ ಸೋತ ನಾಯಿಯಲ್ಲ. ಮಂಚದ ಕೆಳಗೆ ಅಡಗುತ್ತಿದ್ದ ಕೆಂಚ ಈಗ ಹೊಸ್ತಿಲಲ್ಲಿ ಮಲಗುತ್ತದೆ, ಕರೆದರೆ ಬಾಲ ಆಡಿಸುತ್ತಾ ಬರುತ್ತದೆ, ಕುರಿ ಹೋದರೆ ಯಜಮಾನರ ಮುಖ ನೋಡುತ್ತದೆ ಎಂದರೆ ಅದು ಬಹಳ ಕಲಿತಿದೆ.

ಎಚ್ಚರ!

• ಬೀದಿ ನಾಯಿಯನ್ನು ನೀವೊಬ್ಬರೇ ಹಿಡಿಯಲು, ಮನೆಗೆ ತರಲು ಹೋಗಬೇಡಿ. ದೊಡ್ಡವರಿಗೆ ತಿಳಿಸಿ.
• ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬೇಡಿ.
• ಅಂಜಿದ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಅದನ್ನು ಮೂಲೆಗೆ ತಳ್ಳಬೇಡಿ.
• ನಾಯಿ ನಿಮ್ಮತ್ತ ಬಂದರೆ ಓಡಬೇಡಿ. ಓಡುವುದನ್ನು ಅಟ್ಟುವುದು ಅದರ ಸ್ವಭಾವ. ಕೈಗಳನ್ನು ಮೈಗೆ ಆನಿಸಿಕೊಂಡು ಮರದಂತೆ ನಿಲ್ಲಿ.
• ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಬೇಡಿ. ಮನೆಯವರಿಂದ ಮುಚ್ಚಿಡಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕುವುದು ತೀರಾ ಅಪರೂಪ. ಆದರೆ ಸಕಾಲದಲ್ಲಿ ಲಸಿಕೆ ತೆಗೆದುಕೊಂಡರೆ ಅದನ್ನು ತಡೆಯಬಹುದು.

ಮಾಡಿ ನೋಡಿ

ಪಾವ್ಲೋವ್ ಅವರ ಪ್ರಯೋಗವನ್ನು ನೀವು ಕೋಳಿಗಳ ಜೊತೆ ಮಾಡಬಹುದು. ಒಂದು ಡಬ್ಬಿಯಲ್ಲಿ ಸ್ವಲ್ಪ ಜೋಳ ಹಾಕಿ. ಡಬ್ಬಿಯನ್ನು ಮೂರು ಸಲ ಅಲ್ಲಾಡಿಸಿ ಸದ್ದು ಮಾಡಿ, ತಕ್ಷಣ ಒಂದು ಹಿಡಿ ಕಾಳು ಚೆಲ್ಲಿ. ಒಂದು ವಾರ ದಿನವೂ ಹೀಗೆ ಮಾಡಿ. ನಿಮ್ಮ ಗೆಳೆಯರ ಮನೆಯಲ್ಲಿ ಇದೇ ಪ್ರಯೋಗವನ್ನು ತಿರುಗಿಸಿ ಮಾಡಲಿ. ಮೊದಲು ಕಾಳು ಚೆಲ್ಲಲಿ, ಕೋಳಿಗಳು ತಿಂದು ಮುಗಿಸಿದ ಮೇಲೆ ಸದ್ದು ಮಾಡಲಿ. ಎಂಟನೆಯ ದಿನ ಎರಡೂ ಮನೆಗಳಲ್ಲಿ, ಕೋಳಿಗಳು ದೂರದಲ್ಲಿರುವಾಗ, ಬರೀ ಸದ್ದು ಮಾಡಿ. ಎಲ್ಲಿ ಎಷ್ಟು ಕೋಳಿ ಓಡಿ ಬಂದವು? ಬರೆದುಕೊಳ್ಳಿ. ಆಮೇಲೆ ಬಂದ ಕೋಳಿಗಳಿಗೆ ಕಾಳು ಹಾಕುವುದನ್ನು ಮರೆಯಬೇಡಿ.

ಯೋಚಿಸಿ

1. ಕುರಿಗಾಹಿಯ ನಾಯಿ ಮತ್ತು ಕೆಂಚ ಎರಡೂ ನಾಯಿಗಳೇ. ಒಂದು ಕುರಿ ಕಾಯುತ್ತದೆ, ಇನ್ನೊಂದು ಕುರಿ ಅಟ್ಟುತ್ತದೆ. ಏಕೆ?
2. ತಿಂಡಿಯನ್ನು ಮೊದಲು ತೋರಿಸಿ, ಆಮೇಲೆ ಕುರಿಯ ಹತ್ತಿರ ಕರೆದೊಯ್ದರೆ ಅಂಜುವ ನಾಯಿ ತಿಂಡಿಯ ಬಗ್ಗೆ ಏನು ಕಲಿಯಬಹುದು?
3. ನಿಮ್ಮ ಊರಿನಲ್ಲಿ ನಾಯಿ ಬೈಕಿನ ಹಿಂದೆ ಓಡುತ್ತದೆಯೇ? ಬೈಕು ಪ್ರತಿ ಸಲವೂ ದೂರ ಹೋಗುತ್ತದೆ. ಇದರಿಂದ ನಾಯಿಗೆ ಸಿಗುವ 'ಬಹುಮಾನ' ಯಾವುದು?

ನಿಮ್ಮ ಉತ್ತರಗಳನ್ನೂ ಕೋಳಿಗಳ ಲೆಕ್ಕವನ್ನೂ ತರಗತಿಯ ಗೋಡೆಪತ್ರಿಕೆಯಲ್ಲಿ ಹಾಕಿ, ಗೆಳೆಯರ ಜೊತೆ ಚರ್ಚಿಸಿ.